ಕರಡಿ ಮಡಿಲಲ್ಲಿ, ಜಗಳ ಮೊಬೈಲಲ್ಲಿ

ನನಗೆ ಈಗ 36 ವರ್ಷ. ನನ್ನ ಮಂಚದ ಮೇಲೆ ಒಂದು ಕರಡಿ, ಎರಡು ಮೊಲ, ಒಂದು ಆನೆ, ಜೊತೆಗೆ ನಾಗಸಂದ್ರದ ಐಕಿಯಾದಿಂದ ಮೆಟ್ರೋದಲ್ಲಿ ಹೆಗಲ ಮೇಲೆ ಹೊತ್ತು ತಂದ ಒಂದು ಮೀಟರ್ ಉದ್ದದ ನೀಲಿ ಶಾರ್ಕ್ ಇದೆ. ಬೀರುವಿನ ಮೇಲಿರುವವರನ್ನು ಲೆಕ್ಕಕ್ಕೆ ಹಿಡಿದಿಲ್ಲ. ಆ ದಿನ ಮೆಟ್ರೋದಲ್ಲಿ ಪಕ್ಕ ಕೂತಿದ್ದ ಆಂಟಿ "ಮಗೂಗಾಮ್ಮ?" ಅಂತ ಪ್ರೀತಿಯಿಂದ ಕೇಳಿದರು. "ಇಲ್ಲ ಆಂಟಿ, ನನಗೇ" ಅಂದೆ. ಆಮೇಲೆ ರಾಜಾಜಿನಗರ ಬರುವ ತನಕ ಅವರು ಕಿಟಕಿ ಕಡೆಯೇ ನೋಡುತ್ತಿದ್ದರು.

ನಮ್ಮ ಕಡೆ ಮೆತ್ತಗಿರುವುದೆಲ್ಲ ಟೆಡ್ಡಿಯೇ, ಅಲ್ವಾ? ಆನೆ ಟೆಡ್ಡಿ, ನಾಯಿ ಟೆಡ್ಡಿ, ಶಾರ್ಕ್ ಟೆಡ್ಡಿ. ನಮ್ಮ ಮನೆಯವರು ಶಾರ್ಕನ್ನು "ನಿನ್ನ ಮೀನು ಟೆಡ್ಡಿ" ಅಂತಲೇ ಕರೆಯುತ್ತಾರೆ, ರಾತ್ರಿ ಅದನ್ನು ಕಾಲಿನ ಕಡೆಗೆ ತಳ್ಳುತ್ತಾರೆ, ಬೆಳಗ್ಗೆ ನೋಡಿದರೆ ಅದರ ಮೇಲೇ ತಲೆ ಇಟ್ಟು ಮಲಗಿರುತ್ತಾರೆ. ಅದಿರಲಿ.

ಇವರೆಲ್ಲರಿಗೂ ಹಿರಿಯ ಜಾಂಬು. ಪೂರ್ತಿ ಹೆಸರು ಜಾಂಬವಂತ. 1996ರಲ್ಲಿ ಮೈಸೂರು ದಸರಾ ವಸ್ತುಪ್ರದರ್ಶನದಲ್ಲಿ ಅಪ್ಪ ಕೊಡಿಸಿದ್ದು. ಅಪ್ಪ ಸುಮ್ನೆ ದುಡ್ಡು ಬಿಚ್ಚುವವರಲ್ಲ. ಅವತ್ತು ನಾನು ಡೆಲ್ಲಿ ಹಪ್ಪಳ ಬೇಡ, ಜಯಂಟ್ ವೀಲ್ ಬೇಡ, ಇದೇ ಬೇಕು ಅಂತ ಆ ಅಂಗಡಿ ಮುಂದೆ ನೆಲದ ಮೇಲೆ ಕೂತುಬಿಟ್ಟೆನಂತೆ. ಆಗ ಜಾಂಬು ಗಟ್ಟಿ ಕಂದು ಬಣ್ಣ. ಈಗ ಹಾಲು ಜಾಸ್ತಿಯಾದ ಕಾಫಿ ಬಣ್ಣ. ಒಳಗಿರುವುದು ಈಗಿನ ಹಾಗೆ ಹಗುರ ಫೈಬರ್ ಅಲ್ಲ, ದರ್ಜಿ ಅಂಗಡಿಯ ಚೂರು ಬಟ್ಟೆ. ಹೊಟ್ಟೆ ಒತ್ತಿದರೆ ಗಂಟುಗಂಟಾಗಿ ಸಿಗುತ್ತದೆ. ಒಂದು ಕಣ್ಣು ಮೂಲದ್ದು, ಇನ್ನೊಂದು ಅಪ್ಪನ ಆಫೀಸ್ ಶರ್ಟಿನ ಬಿಳಿ ಗುಂಡಿ. ಅಜ್ಜಿ ಹೊಲಿದದ್ದು. ಹಾಗಾಗಿ ಜಾಂಬು ಯಾವಾಗಲೂ ಯಾರೋ ಏನೋ ಹೇಳಿದ್ದನ್ನು ನಂಬದವನ ಹಾಗೆ ನೋಡುತ್ತಾನೆ.

ನವರಾತ್ರಿಯಲ್ಲಿ ಗೊಂಬೆ ಕೂರಿಸುವಾಗ ಅಜ್ಜಿ ಅವನಿಗೂ ಒಂದು ಜಾಗ ಕೊಡುತ್ತಿದ್ದರು. ಮೇಲೆ ಪಟ್ಟದ ಗೊಂಬೆ, ಕೆಳಗೆ ದಶಾವತಾರ, ಕಿನ್ನಾಳದ ಗೊಂಬೆ, ಚನ್ನಪಟ್ಟಣದ ಗೊಂಬೆ, ತೀರಾ ಕೆಳಗೆ ರಾಗಿ ಮೊಳಕೆಯ ಕಾಡಿನಲ್ಲಿ ಜಾಂಬು. ರಾಜ ರಾಣಿಗಿಂತ ದೊಡ್ಡದಾಗಿದ್ದ. ಬಂದವರು ನಗುತ್ತಿದ್ದರು. ಹಬ್ಬ ಮುಗಿದ ಮೇಲೆ ಎಲ್ಲ ಗೊಂಬೆಗಳ ಜೊತೆ ಅವನನ್ನೂ ಟ್ರಂಕಿನಲ್ಲಿ ಮಲಗಿಸಿ, ಸುತ್ತ ಮೈಸೂರ್ ಸ್ಯಾಂಡಲ್ ಸೋಪಿನ ಖಾಲಿ ಕವರುಗಳನ್ನು ಇಡುತ್ತಿದ್ದರು, ವಾಸನೆಗೆ. ಎರಡು ದಿನ ಅಳುತ್ತಿದ್ದೆ, ಆಮೇಲೆ ಅವರೇ ಅವನನ್ನು ಹೊರಗೆ ತೆಗೆದು ಕೊಡುತ್ತಿದ್ದರು. ಹಾಗಾಗಿ ಜಾಂಬುವಿನ ಕುತ್ತಿಗೆಗೆ ಮೂಗು ಇಟ್ಟರೆ ಇವತ್ತಿಗೂ ನನಗೆ ಗಂಧದ ವಾಸನೆ ಬರುತ್ತದೆ. ನಮ್ಮ ಮನೆಯವರಿಗೆ ಬರುವುದಿಲ್ಲವಂತೆ. ಬರೀ ಧೂಳಂತೆ.

ಇಷ್ಟು ಒಳ್ಳೆಯ ಹೆಂಗಸು ರಾತ್ರಿ ಒಂದು ಗಂಟೆಗೆ, ಇದೇ ಜಾಂಬುವನ್ನು ಮಡಿಲಲ್ಲಿ ಕೂರಿಸಿಕೊಂಡು, ಮೊಬೈಲಿನಲ್ಲಿ ಗುರುತು ಪರಿಚಯ ಇಲ್ಲದವರ ಮೇಲೆ ಬೆಂಕಿ ಕಾರುತ್ತಾಳೆ. ಅದನ್ನು ಹೇಳಿಕೊಳ್ಳಬೇಕು ಅಂತಲೇ ಈ ಬರಹ.

2025ರ ಮೇ ತಿಂಗಳು ನೆನಪಿದೆಯಾ? ಆ ತಿಂಗಳು ನಾವು ಕನ್ನಡಿಗರು ಆನ್‌ಲೈನಿನಲ್ಲಿ ಒಂದು ದಿನವೂ ನೆಮ್ಮದಿಯಾಗಿ ಕೂರಲಿಲ್ಲ. ಶುರುವಾಗಿದ್ದು ಸೋನು ನಿಗಮ್ ಅವರಿಂದ. ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ಒಂದು ಕಾಲೇಜಿನ ಕಾರ್ಯಕ್ರಮದಲ್ಲಿ ಒಬ್ಬ ಹುಡುಗ ಕನ್ನಡ ಹಾಡು ಹಾಡಿ ಅಂತ ಕೂಗಿದ್ದನ್ನು ಅವರು ಪಹಲ್ಗಾಮ್ ದಾಳಿಗೆ ಗಂಟು ಹಾಕಿ ಮಾತಾಡಿದರು. ಎಫ್‌ಐಆರ್ ಆಯಿತು, ಫಿಲ್ಮ್ ಚೇಂಬರ್ ಅಸಹಕಾರ ಅಂದಿತು, ಆಮೇಲೆ ಕ್ಷಮೆ ಬಂತು. ಅದು ಆರುವ ಮುಂಚೆ, ಮೈಸೂರ್ ಸ್ಯಾಂಡಲ್ ಸೋಪಿಗೆ ತಮನ್ನಾ ಭಾಟಿಯಾ ರಾಯಭಾರಿ ಅನ್ನುವ ಸುದ್ದಿ. ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿ. ಕನ್ನಡದ ನಟಿಯರು ಸಿಗಲಿಲ್ವಾ ಅಂತ ಒಂದು ಸಾಲು ಪೋಸ್ಟು. ಅದರ ಹಿಂದೆಯೇ ಕಮಲ್ ಹಾಸನ್.

ಕಮಲ್ ಹಾಸನ್ ವಿಷಯದಲ್ಲಿ ನಾನು ಪೂರ್ತಿ ಮುಳುಗಿದೆ.

ಆಫೀಸಿನಿಂದ ಬರುವಾಗ ಕ್ಲಿಪ್ ನೋಡಿದೆ. ಕೆಲವೇ ಸೆಕೆಂಡು. ಚೆನ್ನೈನ ಒಂದು ಸಿನಿಮಾ ಕಾರ್ಯಕ್ರಮ, ಅವರು ಮೈಕ್ ಹಿಡಿದು ಕನ್ನಡ ತಮಿಳಿನಿಂದ ಹುಟ್ಟಿದ್ದು ಅನ್ನುತ್ತಾರೆ. ಅಷ್ಟೇ. ಮನೆಗೆ ಬಂದವಳು ಅನ್ನಕ್ಕೂ ಇಡದೆ ಟೈಪ್ ಮಾಡಲು ಕೂತೆ. ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದ್ದು, ಕವಿರಾಜಮಾರ್ಗ ಒಂಬತ್ತನೇ ಶತಮಾನದ್ದು, ಕನ್ನಡ ತಮಿಳು ಎರಡೂ ದಕ್ಷಿಣ ದ್ರಾವಿಡದ ಒಂದೇ ತಾಯಿಯ ಮಕ್ಕಳು, ಅಕ್ಕ ತಂಗಿಯರನ್ನು ಅಮ್ಮ ಮಗಳು ಮಾಡಬೇಡಿ ಅಂತ ಬರೆದೆ. ಇಲ್ಲಿಯವರೆಗೆ ಎಲ್ಲ ಸರಿ. ಇವತ್ತಿಗೂ ಆ ಮಾತಿಗೆ ನಾನು ಬದ್ಧಳೇ. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹಕ್ಕೆ ವಿಷಯವೇ ಇರುತ್ತಿರಲಿಲ್ಲ.

ನಿಲ್ಲಿಸಲಿಲ್ಲ. ಆ ಕಾಮೆಂಟಿಗೆ ಮೊದಲ ಅರ್ಧ ಗಂಟೆಯಲ್ಲಿ ಬಂದದ್ದು ನಾಲ್ಕೇ ಲೈಕು. ಪಕ್ಕದಲ್ಲಿ ಯಾರೋ ಅವರ ವಯಸ್ಸಿನ ಬಗ್ಗೆ ಒಂದು ಕೊಂಕು ಬರೆದಿದ್ದರು, ಅದಕ್ಕೆ ಸಾವಿರ. ನನಗೂ ಚಪಲ ಹತ್ತಿತು. ಅವರ ವಯಸ್ಸು, ಮುಖ, ಮನೆ ವಿಚಾರ ಎಲ್ಲ ಸೇರಿಸಿ ಎರಡು ಸಾಲಿನ ಒಂದು ಮಾತು ಬರೆದೆ. ಇಲ್ಲಿ ಮತ್ತೆ ಬರೆಯುವುದಿಲ್ಲ, ನಾಚಿಕೆಯಾಗುತ್ತದೆ. ಚೆನ್ನಾಗಿತ್ತು ಮಾತ್ರ. ಪ್ರಾಸ ಕೂಡ ಇತ್ತು. ಇನ್ನೂರು ಚಿಲ್ಲರೆ ಲೈಕು ಬಂತು, ನಗುವ ಮುಖಗಳು ಬಂದವು, ಹಲ್ಮಿಡಿ ಶಾಸನ ಕೆಳಗೆ ಎಲ್ಲೋ ಹೋಗಿ ಬಿತ್ತು. ಒಂದೊಂದು ಲೈಕಿಗೂ ಜಾಂಬುವಿನ ಕಿವಿ ಹಿಂಡುತ್ತಿದ್ದೆ ಅಂತ ಕಾಣುತ್ತದೆ, ಬೆಳಗ್ಗೆ ನೋಡಿದರೆ ಅಜ್ಜಿ ಹಾಕಿದ ಹೊಲಿಗೆ ಬಿಟ್ಟಿತ್ತು.

ಅಷ್ಟರಲ್ಲಿ ಒಬ್ಬ ಬಂದ. ನನ್ನ ಪ್ರೊಫೈಲ್ ಫೋಟೋ ಜಾಂಬುವಿನದ್ದು. "ಟೆಡ್ಡಿ ಇಟ್ಕೊಂಡು ಆಡೋ ಪಾಪು ಭಾಷಾಶಾಸ್ತ್ರ ಹೇಳ್ತಿದೆ, ಹೋಗಿ ಬಾಟಲಿ ಹಾಲು ಕುಡಿದು ಮಲ್ಕೋ" ಅಂತ ಬರೆದ. ಅದಕ್ಕೆ ನನ್ನದಕ್ಕಿಂತ ಜಾಸ್ತಿ ಲೈಕು. ನೋಡಿ, ಈಗ ಯೋಚಿಸಿದರೆ ನಗು ಬರುತ್ತದೆ. ಎಪ್ಪತ್ತು ದಾಟಿದ ಒಬ್ಬ ಮನುಷ್ಯನ ಮುಖದ ಬಗ್ಗೆ ಏನು ಬೇಕಾದರೂ ಬರೆದವಳು ನಾನು. ನನ್ನ ಕರಡಿಯ ಬಗ್ಗೆ ಒಂದು ಮಾತು ಬಂದಿದ್ದಕ್ಕೆ ಕಣ್ಣಲ್ಲಿ ನೀರು.

"ಮಲ್ಕೊಳೇ, ನಾಳೆ ಆಫೀಸಿದೆ" ಅಂದರು ಇವರು.

"ರೀ, ಇವನು ಜಾಂಬುಗೆ ಅಂದ."

"ಯಾವನು?"

"ಗೊತ್ತಿಲ್ಲ."

ಅವರು ಮೀನಿನ ಮೇಲೆ ತಲೆ ಇಟ್ಟು ಆ ಕಡೆ ತಿರುಗಿ ಮಲಗಿದರು.

ನಾನು ಮಲಗಲಿಲ್ಲ. ಅವನಿಗೆ ಒಂದು ಏಟು ಕೊಡಬೇಕು, ಟೆಡ್ಡಿ ಬರೀ ಪಾಪುಗಳ ಆಟದ ಸಾಮಾನಲ್ಲ, ಅದಕ್ಕೊಂದು ದೊಡ್ಡ ಚರಿತ್ರೆ ಇದೆ ಅಂತ ಮುಖಕ್ಕೆ ಹೊಡೆದ ಹಾಗೆ ಬರೆಯಬೇಕು ಅಂತ ಹುಡುಕಲು ಕೂತೆ. ಹುಡುಕಿದ್ದಕ್ಕೆ ಸಿಕ್ಕಿದ್ದು ಬೇರೆಯೇ.

ಟೆಡ್ಡಿ ಅನ್ನುವುದು ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರ ಅಡ್ಡಹೆಸರು ಅಂತ ಕ್ವಿಜ್ ಪುಸ್ತಕದಲ್ಲಿ ಓದಿದ್ದು ನೆನಪಿತ್ತು. ಬೇಟೆಗೆ ಹೋದರು, ಪಾಪದ ಕರಡಿಮರಿ ಕಂಡಿತು, ಕೊಲ್ಲಲು ಮನಸ್ಸಾಗಲಿಲ್ಲ, ಬಿಟ್ಟುಬಿಟ್ಟರು, ಅದರ ನೆನಪಿಗೆ ಟೆಡ್ಡಿ ಬೇರ್. ನಾನು 30 ವರ್ಷ ನಂಬಿದ್ದ ಕಥೆ ಇದು. ಅಕ್ಕನ ಮಗಳಿಗೂ ಹೀಗೆಯೇ ಹೇಳಿ ಮಲಗಿಸಿದ್ದೇನೆ.

ನಡೆದದ್ದು ಹೀಗೆ. 1902ರ ನವೆಂಬರ್, ಮಿಸಿಸಿಪ್ಪಿ ರಾಜ್ಯದ ಕಾಡು. ಅಧ್ಯಕ್ಷರಿಗೆ ಇನ್ನೂ ಒಂದೂ ಕರಡಿ ಸಿಕ್ಕಿರಲಿಲ್ಲ. ದಾರಿ ತೋರಿಸಲು ಇದ್ದವನು ಹೋಲ್ಟ್ ಕಾಲಿಯರ್, ಗುಲಾಮನಾಗಿ ಹುಟ್ಟಿ ಕರಡಿ ಬೇಟೆಯಲ್ಲಿ ಹೆಸರು ಮಾಡಿದವನು. ಅವನ ನಾಯಿಗಳು ಒಂದು ಕರಡಿಯನ್ನು ಅಟ್ಟಿಸಿಕೊಂಡು ಹೋಗಿ ಸುಸ್ತು ಮಾಡಿದವು, ಅದು ಒಂದು ನಾಯಿಯನ್ನು ಕೊಂದಿತು, ಕಾಲಿಯರ್ ಬಂದೂಕಿನ ಹಿಡಿಯಿಂದ ಅದರ ತಲೆಗೆ ಹೊಡೆದು ಮರಕ್ಕೆ ಕಟ್ಟಿದ. ಮರಿಯೂ ಅಲ್ಲ, ದೊಡ್ಡ ಕರಡಿ. ಆಮೇಲೆ ಅಧ್ಯಕ್ಷರನ್ನು ಕರೆದರು, ಬನ್ನಿ ಸ್ವಾಮಿ, ಗುಂಡು ಹೊಡೆಯಿರಿ ಅಂತ. ಕಟ್ಟಿಹಾಕಿದ ಪ್ರಾಣಿಗೆ ಹೊಡೆಯುವುದು ಬೇಟೆಯಲ್ಲ ಅಂತ ರೂಸ್‌ವೆಲ್ಟ್ ಒಪ್ಪಲಿಲ್ಲ. ಇದು ನಿಜ. ಆದರೆ ಕರಡಿಯನ್ನು ಬಿಡಲೂ ಇಲ್ಲ. ಏಟು ತಿಂದು ನರಳುತ್ತಿದೆ, ಮುಗಿಸಿಬಿಡಿ ಅಂದರು. ಬೇರೆಯವರು ಚಾಕುವಿನಿಂದ ಕೊಂದರು.

ಆಮೇಲೆ ನವೆಂಬರ್ 16ರಂದು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಕ್ಲಿಫರ್ಡ್ ಬೆರಿಮನ್ ಅನ್ನುವವರ ವ್ಯಂಗ್ಯಚಿತ್ರ ಬಂತು. ಕರಡಿ ಹಗ್ಗದಲ್ಲಿ, ಅಧ್ಯಕ್ಷರು ಬೆನ್ನು ತಿರುಗಿಸಿ ಬೇಡ ಅನ್ನುವ ಹಾಗೆ ಕೈ ಚಾಚಿದ್ದಾರೆ. ಚಾಕು ಇಲ್ಲ, ಸತ್ತ ನಾಯಿ ಇಲ್ಲ. ಅದೇ ಚಿತ್ರವನ್ನು ಬೆರಿಮನ್ ಮತ್ತೆ ಬರೆದಾಗ ಕರಡಿ ಚಿಕ್ಕದಾಯಿತು, ಕಿವಿ ದುಂಡಗಾಯಿತು, ಕಣ್ಣು ಅಗಲವಾಯಿತು. ಜನಕ್ಕೆ ಅದು ಇಷ್ಟವಾಯಿತು. ಬ್ರೂಕ್ಲಿನ್‌ನಲ್ಲಿ ಮಿಠಾಯಿ ಅಂಗಡಿ ಇಟ್ಟಿದ್ದ ಮಾರಿಸ್ ಮಿಕ್ಟಮ್ ಮತ್ತು ಅವರ ಹೆಂಡತಿ ರೋಸ್ ಬಟ್ಟೆಯಲ್ಲಿ ಅಂಥ ಒಂದು ಕರಡಿ ಹೊಲಿದು, ಟೆಡ್ಡಿಯ ಕರಡಿ ಅಂತ ಹೆಸರು ಬರೆದು ಅಂಗಡಿಯಲ್ಲಿ ಇಟ್ಟರು. ಮುಂದಿನದ್ದು ನಿಮಗೆ ಗೊತ್ತೇ ಇದೆ.

ಅಂದರೆ ಜಾಂಬುವಿನ ವಂಶ ಶುರುವಾಗಿದ್ದೇ ಒಬ್ಬ ದೊಡ್ಡ ಮನುಷ್ಯನ ಬಗ್ಗೆ ಬಂದ ಅರ್ಧ ಸುದ್ದಿಯಿಂದ! ರಾತ್ರಿ ಎರಡೂವರೆಗೆ ಒಬ್ಬಳೇ ಕೂತು ಜೋರಾಗಿ ನಕ್ಕೆ. ನಾನು ಸಂಜೆ ನೋಡಿದ ಕ್ಲಿಪ್ಪನ್ನು ಯಾರೋ ಎಲ್ಲಿ ಬೇಕೋ ಅಲ್ಲಿಗೆ ಕತ್ತರಿಸಿ ಹಾಕಿದ್ದರು, ಆ ಕಾಲದಲ್ಲಿ ಬೆರಿಮನ್ ಕೂಡ ಎಲ್ಲಿ ಬೇಕೋ ಅಲ್ಲಿಗೆ ಚಿತ್ರ ನಿಲ್ಲಿಸಿದ್ದ. ಅವರದ್ದು ಮುದ್ದಾಯಿತು, ನಮ್ಮದು ಬೈಗುಳವಾಯಿತು, ಅಷ್ಟೇ ವ್ಯತ್ಯಾಸ.

ಮಾರನೇ ದಿನ ಊಟದ ಹೊತ್ತಿನಲ್ಲಿ ಉದ್ದದ ವಿಡಿಯೋ ಹುಡುಕಿ ನೋಡಿದೆ. ಸಭೆಯಲ್ಲಿ ನಮ್ಮ ಶಿವಣ್ಣ ಕೂತಿದ್ದಾರೆ. ಕಮಲ್ ಅವರನ್ನೇ ನೋಡಿ ಮಾತಾಡುತ್ತಿದ್ದಾರೆ, ಅಲ್ಲಿರುವ ನನ್ನ ಕುಟುಂಬ ನೀವು, ಅದಕ್ಕೇ ಇಲ್ಲಿಗೆ ಬಂದಿದ್ದೀರಿ, ನಿಮ್ಮ ಭಾಷೆ ತಮಿಳಿನಿಂದ ಹುಟ್ಟಿದ್ದು, ನೀವೂ ನಮ್ಮೊಳಗೇ ಬಂದಿರಿ ಅನ್ನುವ ಧಾಟಿ. ಪ್ರೀತಿಯಿಂದಲೇ ಹೇಳಿದ್ದು. ಈಗ ನೀವು ಅಂದುಕೊಳ್ಳಬಹುದು, ಓ, ಪೂರ್ತಿ ನೋಡಿದ ಮೇಲೆ ಇವಳು ಕ್ಷಮಿಸಿಬಿಟ್ಟಳು ಅಂತ. ಇಲ್ಲ. ಪ್ರೀತಿಯಿಂದ ಹೇಳಿದರೂ ತಪ್ಪು ತಪ್ಪೇ. ನಿಮ್ಮಮ್ಮ ನಮ್ಮಮ್ಮನ ಮಗಳು ಅಂತ ಯಾರಾದರೂ ಅಕ್ಕರೆಯಿಂದ ಹೇಳಿದರೆ ನಾವು ತಲೆ ಆಡಿಸುತ್ತೇವಾ? ಸಿಟ್ಟು ಬಂದದ್ದು ಸರಿಯಾಗಿಯೇ ಇತ್ತು. ಆದರೆ ನಾನು ಹಿಂದಿನ ರಾತ್ರಿ ಬೈದದ್ದು ಈ ಮನುಷ್ಯನನ್ನಲ್ಲ. ಆ ಕೆಲವು ಸೆಕೆಂಡಿನಲ್ಲಿ ನನಗೆ ಕಂಡ, ಬೇಕಂತಲೇ ನಮ್ಮನ್ನು ಕೀಳಾಗಿ ಕಂಡು ಮೀಸೆ ತಿರುವುತ್ತಿದ್ದ ಒಬ್ಬ ಖಳನಾಯಕ ಇದ್ದನಲ್ಲ, ಅವನನ್ನು. ಅವನು ಉದ್ದದ ವಿಡಿಯೋದಲ್ಲಿ ಎಲ್ಲೂ ಇರಲಿಲ್ಲ. ತಪ್ಪು ತಿಳಿದುಕೊಂಡಿರುವ, ಅದನ್ನು ಒಪ್ಪಿಕೊಳ್ಳಲೂ ಸಿದ್ಧವಿಲ್ಲದ ಒಬ್ಬ ದೊಡ್ಡ ನಟ ಇದ್ದರು. ಅಂಥವರು ನಮ್ಮ ಮನೆಗಳಲ್ಲೂ ಇದ್ದಾರೆ, ನಮ್ಮ ದೊಡ್ಡಪ್ಪ ಹಾಗೆಯೇ.

ಕಥೆ ಹೇಗೆ ಮುಂದುವರಿಯಿತು ಅಂತ ಗೊತ್ತಲ್ಲ. ತಪ್ಪು ಮಾಡಿದ್ದರೆ ಕ್ಷಮೆ ಕೇಳುತ್ತೇನೆ, ಮಾಡಿಲ್ಲ ಅಂದರು ಅವರು. ಒಂದು ಕ್ಷಮೆ ಕೇಳಿದ್ದರೆ ಮುಗಿಯುತ್ತಿತ್ತು ಅಂತ ನಮ್ಮ ಹೈಕೋರ್ಟ್ ಜೂನ್ ಮೊದಲ ವಾರದಲ್ಲಿ ಹೇಳಿತು. ಜೂನ್ 5ಕ್ಕೆ ಅವರ ಥಗ್ ಲೈಫ್ ಸಿನಿಮಾ ಬೇರೆ ಕಡೆ ಬಂತು, ಇಲ್ಲಿ ಬರಲಿಲ್ಲ. ಆಮೇಲೆ ಸುಪ್ರೀಂ ಕೋರ್ಟ್, ಗುಂಪಿನ ಬೆದರಿಕೆಗೆ ಹೆದರಿ ಸಿನಿಮಾ ನಿಲ್ಲಿಸುವ ಹಾಗಿಲ್ಲ ಅಂತ ಸರ್ಕಾರಕ್ಕೆ ಚಾಟಿ ಬೀಸಿತು. ಅಷ್ಟು ಹೊತ್ತಿಗೆ ಜನ ಇನ್ನೊಂದು ಕ್ಲಿಪ್ಪಿಗೆ ಹೋಗಿದ್ದರು. ನಾನೂ ಹೋಗಿದ್ದೆ, ಸುಳ್ಳು ಹೇಳಲ್ಲ.

ನನ್ನ ಆ ಪ್ರಾಸದ ಕಾಮೆಂಟ್ ಮೂರನೇ ದಿನ ಅಳಿಸಿದೆ. ಹಲ್ಮಿಡಿಯದ್ದು ಹಾಗೆಯೇ ಇದೆ, ಹನ್ನೊಂದು ಲೈಕಿನ ಜೊತೆ. ಬಾಟಲಿ ಹಾಲಿನವನಿಗೆ ಉತ್ತರ ಬರೆಯಲಿಲ್ಲ. ಬರೆಯಬೇಕು ಅಂತ ಜರ್ಮನಿಯ ಕಥೆಯನ್ನೂ ಓದಿಟ್ಟುಕೊಂಡಿದ್ದೆ, ಅದು ಮಾತ್ರ ದಂಡವಾಗಬಾರದು, ಇಲ್ಲೇ ಹೇಳಿಬಿಡುತ್ತೇನೆ. ಮಾರ್ಗರೇಟ್ ಸ್ಟೈಫ್ ಅಂತ, ಚಿಕ್ಕಂದಿನಲ್ಲೇ ಪೋಲಿಯೋ ಬಂದು ಗಾಲಿಕುರ್ಚಿಯಲ್ಲಿದ್ದ ಹೆಂಗಸು, ಹೊಲಿಗೆಯಲ್ಲಿ ಎತ್ತಿದ ಕೈ. 1880ರಲ್ಲಿ ಸೂಜಿ ಚುಚ್ಚಿಡಲು ಅಂತ ಬಟ್ಟೆಯಲ್ಲಿ ಪುಟ್ಟ ಆನೆ ಹೊಲಿದರು. ಮಕ್ಕಳು ಸೂಜಿ ಕಿತ್ತು ಬಿಸಾಕಿ ಆನೆ ಎತ್ತಿಕೊಂಡು ಹೋದವು. ಅಲ್ಲಿಂದ ಕಂಪನಿಯೇ ಬೆಳೆಯಿತು. ಅವರ ತಮ್ಮನ ಮಗ ರಿಚರ್ಡ್ ಕೈಕಾಲು ಆಡಿಸಬಹುದಾದ ಕರಡಿ ಮಾಡಿದ್ದು ಹೆಚ್ಚುಕಡಿಮೆ ಆ ಮಿಠಾಯಿ ಅಂಗಡಿಯವರ ಕಾಲಕ್ಕೇ. 1903ರ ಲೈಪ್‌ಜಿಗ್ ಮೇಳದಲ್ಲಿ ಅಮೆರಿಕದ ಒಬ್ಬ ವ್ಯಾಪಾರಿ 3,000 ಕರಡಿ ಬೇಕು ಅಂದನಂತೆ. ಆ ಕಾಲದ ಕರಡಿಗಳಿಗೆ ಕಣ್ಣಾಗಿ ಹೊಲಿಯುತ್ತಿದ್ದದ್ದು ಬೂಟಿನ ಗುಂಡಿ! ಅಜ್ಜಿಗೆ ಇದು ಗೊತ್ತಿರಲು ಸಾಧ್ಯವೇ ಇಲ್ಲ. ಅಪ್ಪನ ಶರ್ಟಿನ ಗುಂಡಿ ಕಿತ್ತು ಸುಮ್ನೆ ಹೊಲಿದರು.

ಇನ್ನೊಂದು ವಿಷಯ ಅಮ್ಮನಿಗೆ ಫೋನ್ ಮಾಡಿ ಓದಿ ಹೇಳಿದೆ. 1985ರಲ್ಲಿ ಇಂಗ್ಲೆಂಡಿನ ಇಬ್ಬರು ಸಂಶೋಧಕರು ಹಳೆಯ ಹೊಸ ಟೆಡ್ಡಿಗಳ ಮುಖ ಅಳತೆ ಮಾಡಿ ನೋಡಿದರಂತೆ. ಹಳೆಯವಕ್ಕೆ ನಿಜವಾದ ಕರಡಿಯ ಹಾಗೆ ಉದ್ದ ಮೂತಿ, ಚಿಕ್ಕ ಹಣೆ. ವರ್ಷ ಕಳೆದ ಹಾಗೆ ಮೂತಿ ಗಿಡ್ಡವಾಗಿ, ಹಣೆ ಅಗಲವಾಗಿ, ಎಳೆ ಮಗುವಿನ ಮುಖ ಬಂದಿದೆ. ಎಳೆಯದರ ಮುಖ ಕಂಡರೆ ನಮ್ಮ ಮನಸ್ಸು ಕರಗುತ್ತದೆ ಅಂತ ಪ್ರಾಣಿಗಳ ನಡವಳಿಕೆಯ ವಿಜ್ಞಾನಿ ಕೊನ್ರಾಡ್ ಲೊರೆನ್ಜ್ 1943ರಲ್ಲೇ ಹೇಳಿದ್ದರು. ನನಗೆ ಖುಷಿ ಕೊಟ್ಟದ್ದು ಆಮೇಲಿನದ್ದು. ಸುಮಾರು ಹತ್ತು ವರ್ಷ ಬಿಟ್ಟು ಬೇರೆ ಸಂಶೋಧಕರು ಮಕ್ಕಳ ಮುಂದೆಯೇ ಎರಡೂ ಥರದ ಕರಡಿ ಇಟ್ಟು ಕೇಳಿದರು. 6, 8 ವರ್ಷದವರು ಪಾಪು ಮುಖದ್ದನ್ನು ಆರಿಸಿದರು. 4 ವರ್ಷದವರಿಗೆ ಆ ಪಾಪು ಮುಖವೇ ಬೇಕು ಅನ್ನುವ ಹಟ ಇರಲಿಲ್ಲ. ತೀರಾ ಚಿಕ್ಕ ಮಕ್ಕಳಿಗಾಗಿ ಕರಡಿಯ ಮುಖ ಮುದ್ದಾದದ್ದಲ್ಲ, ಕೊಡಿಸುವ ದೊಡ್ಡವರಿಗಾಗಿ ಅಂತಾಯಿತಲ್ಲ! "ನೋಡಮ್ಮ, ಟೆಡ್ಡಿ ಇರೋದೇ ನಮ್ಮಂಥವರಿಗೆ" ಅಂದೆ.

"ಆಯ್ತು ಬಿಡು. ಸಾರಿಗೆ ಒಗ್ಗರಣೆ ಹಾಕ್ಬೇಕು, ಇಡ್ತೀನಿ" ಅಂದರು ಅಮ್ಮ.

ಲಬೂಬು ಗೊಂಬೆ ಬಗ್ಗೆ ಹೇಳದಿದ್ದರೆ ಅಕ್ಕನ ಮಗಳು ನನ್ನನ್ನು ಮಾತಾಡಿಸುವುದಿಲ್ಲ. ಅವಳಿಗೆ ಒಂಬತ್ತು ವರ್ಷ, ಬ್ಯಾಗಿಗೆ ಒಂದು ನೇತು ಹಾಕಿಕೊಂಡಿದ್ದಾಳೆ, ಫುಟ್‌ಪಾತಿನ ನಕಲಿ, ಅದಕ್ಕೆ ಲಫುಫು ಅನ್ನುತ್ತಾರಂತೆ. ನನಗೆ ಅದರ ಹಲ್ಲು ಕಂಡರೆ ಆಗುವುದಿಲ್ಲ. ಹಾಂಕಾಂಗ್ ಮೂಲದ ಕಲಾವಿದ ಕಾಸಿಂಗ್ ಲುಂಗ್ 2015ರಲ್ಲಿ ಚಿತ್ರಪುಸ್ತಕಕ್ಕೆ ಅಂತ ಬರೆದ ಪಾತ್ರ ಅದು. 2019ರಿಂದ ಚೀನಾದ ಪಾಪ್ ಮಾರ್ಟ್ ಮಾರುತ್ತಿದ್ದರೂ, ಹುಚ್ಚು ಹತ್ತಿದ್ದು 2024ರಲ್ಲಿ ಕೊರಿಯಾದ ಬ್ಲ್ಯಾಕ್‌ಪಿಂಕ್ ಹಾಡುಗಾರ್ತಿಯರ ತಂಡದ ಲೀಸಾ ಬ್ಯಾಗಿಗೆ ಕಟ್ಟಿಕೊಂಡ ಮೇಲೆ. ಮರುವರ್ಷ ಬ್ರಿಟನ್ನಿನಲ್ಲಿ ಗಿರಾಕಿಗಳು ಅಂಗಡಿಯಲ್ಲೇ ಹೊಡೆದಾಡಿಕೊಂಡು, ಕಂಪನಿಯವರು ಅಲ್ಲಿನ ಅಂಗಡಿಗಳಲ್ಲಿ ಸ್ವಲ್ಪ ಕಾಲ ಮಾರಾಟವನ್ನೇ ನಿಲ್ಲಿಸಿದರು. ಬೀಜಿಂಗ್‌ನ ಹರಾಜಿನಲ್ಲಿ ಆಳೆತ್ತರದ ಒಂದು 10.8 ಲಕ್ಷ ಯುವಾನ್‌ಗೆ ಹೋಯಿತು, ಅಂದರೆ ನಮ್ಮ ದುಡ್ಡಿನಲ್ಲಿ ಕೋಟಿಯ ಮೇಲೆ. ಅದೇ ಹೊತ್ತಿಗೆ ಆನ್‌ಲೈನಿನಲ್ಲಿ ಇನ್ನೊಂದು ಗುಂಪು, ಇದು ಪುರಾತನ ಕಾಲದ ಭೂತ, ಮನೆಯಲ್ಲಿ ಇಡಬೇಡಿ ಅಂತ ಸುಡುವ ವಿಡಿಯೋ ಹಾಕಲು ಶುರು ಮಾಡಿತು. ಅಕ್ಕ ಅದನ್ನು ನೋಡಿ ಹೆದರಿ ಮಗಳ ಬ್ಯಾಗಿನಿಂದ ಬಿಚ್ಚಿಟ್ಟಳು. ಒಂದು ವಾರ ಮನೆಯಲ್ಲಿ ಮಹಾಯುದ್ಧ. ಕೊನೆಗೆ ಭಾವ ಅದರ ಕೈಗೆ ಒಂದು ಕಪ್ಪು ದಾರ ಕಟ್ಟಿದ ಮೇಲೆ ರಾಜಿಯಾಯಿತು.

ನಗುವಿನ ವಿಷಯ ಎಷ್ಟು ಬೇಕಾದರೂ ಬರೆಯಬಹುದು. ಆದರೆ ಅದೇ ವರ್ಷ ಜುಲೈನಲ್ಲಿ ರಮ್ಯಾ ಅವರಿಗೆ ಬಂದ ಮೆಸೇಜುಗಳ ಸುದ್ದಿ ಓದಿದಾಗ ನಗು ಹೋಯಿತು. ಒಂದು ಕೊಲೆ ಕೇಸಿನ ಬಗ್ಗೆ ನ್ಯಾಯ ಸಿಗಲಿ ಅನ್ನುವ ಅರ್ಥದಲ್ಲಿ ಪೋಸ್ಟ್ ಹಾಕಿದ್ದಕ್ಕೆ, ಆ ಕೇಸಿನಲ್ಲಿ ಆರೋಪಿಯಾಗಿರುವ ನಟನ ಅಭಿಮಾನಿಗಳು ಅಂತ ಹೇಳಿಕೊಳ್ಳುವವರು ಬಾಯಲ್ಲಿ ಹೇಳಲಾಗದ್ದನ್ನು ಬರೆದರು. ಅವರು 43 ಖಾತೆಗಳ ವಿವರ ಹಿಡಿದು ಬೆಂಗಳೂರು ಪೊಲೀಸ್ ಕಮಿಷನರ್ ಹತ್ತಿರ ದೂರು ಕೊಟ್ಟರು, ಕೆಲವರ ಬಂಧನವೂ ಆಯಿತು. ಆ ಸುದ್ದಿ ಓದುವಾಗ ಒಂದು ಸಲ ಎದೆ ಝಲ್ ಅಂದಿತು. ನಾನು ಅಷ್ಟು ಕೆಟ್ಟದ್ದು ಯಾವತ್ತೂ ಬರೆದಿಲ್ಲ. ಬರೆಯುವುದೂ ಇಲ್ಲ. ಆದರೂ ಆ ಇನ್ನೂರು ಲೈಕಿನ ರಾತ್ರಿ ನನಗೆ ಸಿಕ್ಕಿದ ಮಜಾ ನೆನಪಾಯಿತು. ಅವರಿಗೂ ಶುರುವಿನಲ್ಲಿ ಅಂಥದ್ದೇ ಮಜಾ ಸಿಕ್ಕಿರಬೇಕು. ಇಂಥ ಯೋಚನೆ ಬಂದಾಗ ಜಾಂಬುವಿನ ಆ ಬಿಳಿ ಗುಂಡಿ ಕಣ್ಣು ನೋಡಲು ಕಷ್ಟ.

ತಮನ್ನಾ ವಿಷಯ ಅರ್ಧಕ್ಕೇ ಬಿಟ್ಟಿದ್ದೆ. ಅದರ ಬಗ್ಗೆಯೂ ನನಗೆ ಅಭಿಪ್ರಾಯ ಇತ್ತು, ಇರದೇ ಇರುತ್ತದಾ? ನನ್ನ ಕರಡಿಗೆ ವಾಸನೆ ಕೊಟ್ಟ ಸೋಪು ಅದು. 1916ರಲ್ಲಿ, ಯುದ್ಧದಿಂದಾಗಿ ನಮ್ಮ ಗಂಧ ಯುರೋಪಿಗೆ ಹೋಗಲಾಗದೆ ಕೊಳೆಯುವ ಹಾಗಾದಾಗ, ನಾಲ್ವಡಿಯವರು ಮತ್ತು ವಿಶ್ವೇಶ್ವರಯ್ಯನವರು ಗಂಧದೆಣ್ಣೆ ಕಾರ್ಖಾನೆ ಮಾಡಿಸಿದ್ದು, ಅಲ್ಲಿಂದ ಸೋಪು. ಹೊರರಾಜ್ಯದ ಮಾರುಕಟ್ಟೆಗೆ ಹೋಗಬೇಕು, ಅದಕ್ಕೆ ಈ ಆಯ್ಕೆ ಅಂತ ಸಚಿವರು ವಿವರಣೆ ಕೊಟ್ಟರು. ಲೆಕ್ಕ ನನಗೆ ಅರ್ಥವಾಗುತ್ತದೆ, ಸಂಕಟವೂ ಅರ್ಥವಾಗುತ್ತದೆ. ಬೈದವರಲ್ಲಿ ಬಹಳ ಜನ ಸೋಪನ್ನು ಬಿಟ್ಟು ಆ ಹುಡುಗಿಯ ಬಟ್ಟೆಗೆ ಬಂದಿದ್ದರು. ನಾನು ಬೈಯಲಿಲ್ಲ. ಟೈಪ್ ಮಾಡಲು ಶುರು ಮಾಡಿ, ಒಮ್ಮೆ ಸೋಪಿನ ಕವರ್ ನೋಡೋಣ ಅಂತ ಬಚ್ಚಲಿನಿಂದ ತಂದೆ. ಅದರ ಮೇಲಿನ ಗುರುತು ನೀವು ಯಾವತ್ತಾದರೂ ಸರಿಯಾಗಿ ನೋಡಿದ್ದೀರಾ? ಶರಭ. ಆನೆಯ ತಲೆ, ಸಿಂಹದ ಮೈ. ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಒಂದು ದಿನವೂ ಕಂಡಿರಲಿಲ್ಲ.

ಇದಕ್ಕಿಂತ ಮುದ್ದಾದ ರಾಯಭಾರಿ ಬೇಕಾ? "ಯಾರೂ ಬೇಡ, ಶರಭದ ಒಂದು ಮೆತ್ತನೆ ಗೊಂಬೆ ಮಾಡಿ ಸೋಪಿನ ಜೊತೆ ಕೊಡಿ" ಅಂತ ಬರೆದು ಹಾಕಿದೆ. ಮೂರು ಲೈಕು. ಅದರಲ್ಲಿ ಒಂದು ನಮ್ಮ ಮನೆಯವರದ್ದು.

ಅಂಗಡಿಯಲ್ಲಿ ಅಂಥದ್ದು ಸಿಗುವುದಿಲ್ಲ. ಹೊರದೇಶದ ಟೆಡ್ಡಿಗಳ ಬೆಲೆ ಕೇಳಿದರೆ ಹೃದಯ ನಿಲ್ಲುತ್ತದೆ, ಆಟಿಕೆಗಳ ಆಮದು ಸುಂಕ 2020ರಲ್ಲಿ 20ರಿಂದ ಶೇಕಡ 60ಕ್ಕೆ ಏರಿ, ಆಮೇಲೆ 70 ಆಗಿದೆ. ಹಾಗಾಗಿ ಸ್ವದೇಶಿಯೇ ಸರಿ ಅಂತ ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಯುವ ಟೈಲರ್ ಆಂಟಿ ಹತ್ತಿರ ಹೋದೆ. ಹಳೇ ಸ್ವೆಟರ್ ಒಂದು, ಮೆತ್ತೆಯಿಂದ ತೆಗೆದ ಫೈಬರ್, ಎರಡು ಗುಂಡಿ ಕೊಟ್ಟೆ. ಟ್ರಂಕಿನಿಂದ ಅಜ್ಜಿಯ ಕಾಲದ ಒಂದು ಸೋಪಿನ ಕವರನ್ನೂ ಮಾದರಿಗೆ ಅಂತ ಕೊಟ್ಟೆ. ಆಂಟಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಅಲ್ಲಮ್ಮ, ಇದಕ್ಕೆ ಬಾಲ ಆನೇದಾ, ಸಿಂಹದ್ದಾ?"

ಇಬ್ಬರೂ ಬಗ್ಗಿ ನೋಡಿದೆವು. ಸರಿಯಾಗಿ ಬಾಲದ ಮೇಲೆಯೇ ಕವರಿನ ಮಡಿಕೆ ಬಿದ್ದು ಬಣ್ಣ ಹೋಗಿತ್ತು. ಮೊಬೈಲ್ ತೆಗೆದು ನೋಡೋಣ ಅಂದೆ. "ಅಯ್ಯೋ ಬಿಡಮ್ಮ, ಕುಚ್ಚು ಹಾಕ್ತೀನಿ, ಸೀರೆ ಕುಚ್ಚು ಉಳಿದಿದೆ" ಅಂದರು.

ಹದಿನೈದು ದಿನ ಬಿಟ್ಟು ಕೊಟ್ಟರು. ಮೈ ಬೂದು, ಸೊಂಡಿಲು ಗಿಡ್ಡ, ಹೊಟ್ಟೆ ದುಂಡಗೆ, ಹಿಂದೆ ನೇರಳೆ ರೇಷ್ಮೆ ಕುಚ್ಚು. ಜಾಂಬುವಿನ ಕಿವಿಯನ್ನೂ ಹೊಲಿದು ಕೊಟ್ಟಿದ್ದರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಆ ಭಾನುವಾರ ಅಕ್ಕನ ಮಗಳು ಬಂದವಳು ನೇರ ಮಂಚಕ್ಕೆ ಹಾರಿ, ಶಾರ್ಕನ್ನು ಬದಿಗೆ ಸರಿಸಿ, ಹೊಸಬನನ್ನು ಎತ್ತಿ ಕುತ್ತಿಗೆಗೆ ಒತ್ತಿಕೊಂಡಳು.

"ಚಿಕ್ಕಿ, ಈ ಹಂದಿ ಎಷ್ಟು ಚೆನ್ನಾಗಿದೆ! ಇದರ ಹೆಸರೇನು?"

ಶರಭ ಅಂದರೆ ಏನು, ಆನೆ ತಲೆ ಎಲ್ಲಿಂದ ಬಂತು, ಸಿಂಹದ ಮೈ ಯಾಕೆ, ಅಂತ ಮೂರು ಪ್ಯಾರಾ ನಾಲಿಗೆ ತುದಿಗೆ ಬಂದಿತ್ತು.

"ಇನ್ನೂ ಇಟ್ಟಿಲ್ಲ ಪುಟ್ಟಿ" ಅಂದೆ. "ನೀನೇ ಇಡು."